ಮೇಲಿನ ಮನೆ ದೀಪಿಕ – ಏಳನೆಯ ಕಂತು

"ಈ ಕಾಗ್ದ ನಾನು ನೋಡೇ ಇಲ್ಲ ಕಣಮ್ಮ," ಎಂದರು ಯಶೋದಮ್ಮ, ಕಾಗದದ ಕಡೆ ತಿರುಗದೆಯೇ.

ವೇದವತಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಗಲಿಯ ಮೇಲೆ ತಮ್ಮಿಬ್ಬರ ನಡುವೆ ಹರಡಿ, ಗಾಳಿಗೆ ಹಾರದಂತೆ ಕನ್ನಡಕದ ಡಬ್ಬಿಯನ್ನು ಮೇಲಿಟ್ಟರು.

ಯಶೋದಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ದೀಪಿಕ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ವಿ.ಸಿ. ಫಾರಂನಲ್ಲಿ ಬಿತ್ತನೆ ಬೀಜ ಆರಿಸುವ ದಿನಗೂಲಿ ಕೆಲಸ ಅವಳದು. ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಯಲಿಯೂರಿನಿಂದ ಹೊರಟವಳು ಫಾರಂ ತಲುಪಲಿಲ್ಲ. ಪೊಲೀಸರಿಗೆ ದೂರು ಕೊಟ್ಟವರು ವೇದವತಿ.

ಕಾಗದ ವೇದವತಿಗೆ ಸಿಕ್ಕಿದ್ದು ನಿನ್ನೆ, ಅವಳ ದಿಂಬಿನ ಕೆಳಗೆ, ನಾಲ್ಕು ಮಡಿಕೆಯಾಗಿ. ಒಂದು ಅಂಚಿಗೆ ಹೊಸ್ತಿಲ ಕೆಮ್ಮಣ್ಣು ಉದ್ದಕ್ಕೆ ಉಜ್ಜಿಕೊಂಡಿತ್ತು. ಯಾರೋ ಅದನ್ನು ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳಿದ್ದರು. ಅವಳು ಎತ್ತಿಕೊಂಡು ಓದಿದ್ದಳು. ಓದಿ, ಯಾರಿಗೂ ಹೇಳದೆ ಅದರ ಮೇಲೆಯೇ ತಲೆಯಿಟ್ಟು ಮಲಗಿದ್ದಳು.

ಬಣ್ಣದ ಪ್ರಿಂಟು ಅದು. ಯಾರದೋ ಮೊಬೈಲಿನ ಪರದೆಯನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟ ಸ್ಕ್ರೀನ್‌ಶಾಟ್. ನಡುವೆ ದೀಪಿಕ ಬರೆದ ಒಂದೇ ಒಂದು ಮೆಸೇಜು.

"ಅಕ್ಕ, ಫೋಟೋ ತುಂಬ ಚೆನ್ನಾಗಿದೆ. ನನಗೊಂದು ಕಳಿಸಿ, ಆಮೇಲೆ ದಯವಿಟ್ಟು ನಿಮ್ಮ ಡಿಪಿಯಿಂದ ತೆಗೆದುಬಿಡಿ. ಮಳವಳ್ಳಿ ಕಡೆಯವರು ಯಾರಾದರೂ ನೋಡಿದರೆ ನಾನು ಇಲ್ಲಿರುವುದು ನನ್ನ ಗಂಡನಿಗೆ ಗೊತ್ತಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ."

ಸಬ್ ಇನ್‌ಸ್ಪೆಕ್ಟರ್ ಪುನೀತ್ ಇದನ್ನು ಎರಡು ಸಲ ಓದಿ ಕೈಚೆಲ್ಲಿದ್ದ. "ಗಂಡನೇ ಎತ್ತಾಕ್ಕೊಂಡು ಹೋಗಿದಾನೆ ಮೇಡಂ, ಅದ್ರಲ್ಲಿ ಡೌಟಿಲ್ಲ. ಆದ್ರೆ ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮಳವಳ್ಳಿ ಕಡೆ ಅಂದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?" ದೀಪಿಕ ಬಾಡಿಗೆಗೆ ಬಂದಾಗ ಕೊಟ್ಟಿದ್ದ ಆಧಾರ್ ಕಾರ್ಡಿನಲ್ಲಿ ಎಂದೋ ತೀರಿಹೋದ ತಂದೆಯ ವಿಳಾಸವಿತ್ತು. ಆ ಮನೆಯೂ ಈಗಿಲ್ಲ.

"ಯಶೋದಮ್ಮ, ಮೆಸೇಜು ಓದಬೇಡಿ. ಮೇಲ್ಗಡೆ ನೋಡಿ, ಇಲ್ಲಿ," ಎಂದರು ವೇದವತಿ.

ಪರದೆಯ ನೆತ್ತಿಯಲ್ಲಿ ಸಣ್ಣ ಅಕ್ಷರದಲ್ಲಿ ವೇಳೆ ಇತ್ತು, ಎರಡು ಗಂಟೆ ಹದಿನೇಳು ನಿಮಿಷ. ಅದರ ಕೆಳಗೆ, ಆ ಫೋನಿನವರು ದೀಪಿಕಳ ನಂಬರನ್ನು ಯಾವ ಹೆಸರಿನಲ್ಲಿ ಇಟ್ಟುಕೊಂಡಿದ್ದರೋ ಆ ಹೆಸರು. ಮೇಲಿನ ಮನೆ ದೀಪಿಕ.

"ನನ್ನ ಫೋನಿನಲ್ಲಿ ಅವಳು ಗುರುವಾರದ ದೀಪಿಕ. ಗುರುವಾರದ ನನ್ನ ಮೊಬೈಲ್ ತರಗತಿಗೆ ಬರ್ತಿದ್ದಳಲ್ಲ, ಅದಕ್ಕೆ. ಫಾರಂನ ಮೇಸ್ತ್ರಿ ಫೋನು ನೋಡಿದೆ, ಬೀಜದ ದೀಪಿಕ ಅಂತಿದೆ. ಅವಳನ್ನ ಮೇಲಿನ ಮನೆಯವಳು ಅಂತ ಕರೆಯೋಕೆ ಕೆಳಗಿನ ಮನೆಯಲ್ಲಿರಬೇಕು."

ಯಶೋದಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಎರಡು ಎಕರೆ ಕಬ್ಬು, ನಾಲ್ಕು ಹಸು ಒಬ್ಬರೇ ನೋಡಿಕೊಳ್ಳುವವರು.

"ಕಾಪಿ ಕುಡೀತೀರಾ?"

"ಬೇಡ."

ಒಳಗೆ ಹೋಗಲು ಎದ್ದವರು ಹಾಗೇ ಕುಳಿತರು. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು.

ಕಾಯುತ್ತ ಕೂರುವುದು ವೇದವತಿಗೆ ಕಷ್ಟವಲ್ಲ. ಮೂವತ್ತನಾಲ್ಕು ವರ್ಷ ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈ ಊರಿನವರನ್ನೂ ಆ ಊರಿನವರನ್ನೂ ಕೂಡಿಸಿ ನಡುವಿನಿಂದ ತಾನು ಸರಿದುಕೊಳ್ಳುವ ಕೆಲಸ. ಎಷ್ಟೋ ಮನೆಗಳ ಸಾವು, ಎಷ್ಟೋ ಹೆಣ್ಣುಮಕ್ಕಳ ಅಳು ಆ ಕಿವಿಯನ್ನು ದಾಟಿಹೋಗಿದ್ದವು. ಒಂದು ಮಾತನ್ನೂ ಅವರು ಆ ಕೋಣೆಯ ಹೊರಗೆ ತಂದವರಲ್ಲ. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಅವರ ಫೋನಿಗೆ ದಿನವೂ ಗುಲಾಬಿ ಹೂವಿನ ಶುಭೋದಯ ಇಪ್ಪತ್ತು ಬರುತ್ತಿದ್ದವು, ಕರೆ ಮಾತ್ರ ಬರುತ್ತಿರಲಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ, ಮಂಡ್ಯದ ಒಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ, ಮೊಬೈಲಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿಕೊಡುವ ತರಗತಿ ಶುರುಮಾಡಿದ್ದು, ನಿಜ ಹೇಳಬೇಕೆಂದರೆ, ಗುರುವಾರ ಒಂದು ದಿನವಾದರೂ ಯಾರೊಡನಾದರೂ ಮಾತಾಡಬಹುದಲ್ಲ ಎಂದು.

ಆ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ದೀಪಿಕ. ಅವಳನ್ನು ಕರೆತಂದದ್ದು ಈ ಯಶೋದಮ್ಮನೇ.

"ನಾನು ಆಣೆ ಮಾಡಿ ಯೋಳ್ತೀನಿ ಮೇಡಂ," ಯಶೋದಮ್ಮ ಕೊನೆಗೂ ಬಾಯಿಬಿಟ್ಟರು. "ಅವ್ಳು ಕೇಳಿದ್ ಐದೇ ನಿಮ್ಸುಕ್ಕೆ ಫೋಟೋ ತೆಗ್ದಾಕ್ದೆ. ಮೊಮ್ಮಗೀದು ಮೊದಲ್ನೇ ಬರ್ತ್‌ಡೇದು. ಮಗೀನ ಎತ್ಕೊಂಡು ಎಷ್ಟ್ ಚೆಂದ ನಗ್ತಿದ್ಲು. ನಮ್ಮನೇಲಿ ಎರಡ್ ವರ್ಸದಿಂದ ಅವ್ಳೆ, ಅಂಗ್ ನಕ್ಕಿದ್ದು ನಾನ್ ನೋಡ್ನಿಲ್ಲ. ಅದ್ಕೇ ಡಿಪಿಗೆ ಆಕಿದ್ದು. ಬ್ಯಾಡ ಅಂದ್ಲು, ತೆಗ್ದೆ. ಇನ್ನೇನ್ ಮಾಡ್ಬೇಕಿತ್ತು ನಾನು?"

"ತೆಗೆದ ಮೇಲೆ ಏನು ಮಾಡಿದ್ರಿ?"

ಯಶೋದಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಮೆಸೇಜಿನ ಕೆಳಗಿರೋ ವೇಳೆ ಬೆಳಗಿನದು, ನೀವು ಡಿಪಿ ತೆಗೆದುಹಾಕಿದ್ದೂ ಆಗಲೇ. ಈ ಸ್ಕ್ರೀನ್‌ಶಾಟ್ ಹೊಡೆದದ್ದು ಮಧ್ಯಾಹ್ನ ಎರಡು ಹದಿನೇಳಕ್ಕೆ. ಯಾರಿಗೆ ಕಳಿಸಿದ್ರಿ ಯಶೋದಮ್ಮ?"

"ನಮ್ ಮನೆಯೋರ್ ಗ್ರೂಪ್ಗೆ."

ಅವರ ಧ್ವನಿ ಕೆಳಗಿಳಿದಿತ್ತು.

"ಎಲ್ಲಾ ಕೇಳಾಕ್ ಸುರು ಮಾಡುದ್ರು. ಪಾಪು ಫೋಟೋ ಯಾಕ್ ತೆಗ್ದೆ, ಯಾಕ್ ತೆಗ್ದೆ ಅಂತ. ದಿಸ್ಟಿ ಆಯ್ತಾ, ಮಗೀಗ್ ಉಸಾರಿಲ್ವಾ ಅಂತ ನನ್ ತಂಗಿ ಬೇರೆ ಫೋನ್ ಮಾಡ್ಬುಟ್ಳು. ಎಷ್ಟ್ ಜನುಕ್ಕೆ ಅಂತ ಯೋಳ್ಲಿ ನಾನು. ಅವ್ಳು ಬರ್ದಿದ್ನೇ ಪಟ ಇಡ್ದು ಆಕ್ಬುಟ್ರೆ ಎಲ್ರೂ ಓದ್ಕತಾರೆ, ಸುಮ್ಕಾಯ್ತಾರೆ ಅಂತ ಆಕ್ದೆ. ಮನೆಯೋರೇ ಅಲ್ವಾ. ಅಂಗ್ ಪಟ ಇಡಿಯಾದು ಎಂಗೆ ಅಂತ ನೀವೇ ತೋರುಸ್ಕೊಟ್ಟಿದ್ರಲ್ಲ ಮೇಡಂ."

ವೇದವತಿಗೆ ನೆನಪಿತ್ತು. ಬ್ಯಾಂಕಿನ ಮೆಸೇಜು ಅಳಿಸಿಹೋದರೆ ಗುರುತಿಗಿರಲಿ ಎಂದು, ಎರಡು ಗುಂಡಿ ಒಟ್ಟಿಗೆ ಒತ್ತುವುದನ್ನು ಎಲ್ಲರ ಕೈಯಲ್ಲೂ ಮಾಡಿಸಿದ್ದರು. ಇನ್ನೊಬ್ಬರು ತಮಗೊಬ್ಬರಿಗೇ ಎಂದು ಬರೆದದ್ದನ್ನು ಹೀಗೆ ಹಿಡಿದು ದಾಟಿಸಬಾರದು ಎಂದು ಹೇಳುವುದು ಮುಂದಿನ ವಾರಕ್ಕೆ ಉಳಿದಿತ್ತು.

ಆದರೆ ಅವರ ಎದೆಯಲ್ಲಿ ಕುಳಿತಿದ್ದದ್ದು ಅದಲ್ಲ. ಅದೇ ದಿನ, ತರಗತಿ ಮುಗಿಯುವ ಹೊತ್ತಿಗೆ, ಹಿಂದಿನ ಬೆಂಚಿನಿಂದ ದೀಪಿಕ ಎದ್ದು ನಿಂತಿದ್ದಳು.

"ನಮ್ ಫೋಟೋನ ಬೇರೇರು ಆಕಿದ್ರೆ, ತೆಗೀರಿ ಅನ್ನೋದು ಎಂಗೆ ಮೇಡಂ? ಅವ್ರಿಗೆ ಬೇಜಾರಾಗ್‌ಬಾರ್ದು."

"ಎಲ್ಲರ ಮುಂದೆ ಕೇಳಬೇಡ. ಅವರೊಬ್ಬರಿಗೇ ಬರಿ, ಮರ್ಯಾದೆಯಿಂದ ಬರಿ," ಎಂದಿದ್ದರು ವೇದವತಿ.

"ಕಾರಣ ಯೋಳ್ಲೇಬೇಕಾ?"

"ಹೇಳಿದರೆ ಒಳ್ಳೇದಮ್ಮ. ಕಾರಣ ತಿಳಿದರೆ ಯಾರಿಗೂ ಬೇಜಾರಾಗಲ್ಲ."

ಅವಳು ತಲೆಯಾಡಿಸಿ, ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಹೇಳಿಕೊಟ್ಟಂತೆಯೇ ಮಾಡಿದ್ದಳು. ಕೂಗಾಡಲಿಲ್ಲ, ದೂರಲಿಲ್ಲ. ಒಬ್ಬರಿಗೇ ಬರೆದಳು, ಮರ್ಯಾದೆಯಿಂದ ಬರೆದಳು, ಕಾರಣ ಹೇಳಿದಳು. ಎರಡು ವರ್ಷ ಬಾಯಿಂದ ಹೊರಗೆ ಬಿಡದ ಮಾತನ್ನು, ಎದುರಿನವರಿಗೆ ಬೇಜಾರಾಗದಿರಲಿ ಎಂದು, ಕೈಯಾರೆ ಬರೆದುಕೊಟ್ಟಳು.

"ಇದನ್ನ ಪುನೀತ್ ಅವರಿಗೆ ಯಾಕೆ ಹೇಳಲಿಲ್ಲ?"

"ಎದ್ರಿಕೆ ಆಯ್ತು ಕಣಮ್ಮ. ನನ್ನಿಂದ್ಲೇ ಇಷ್ಟೆಲ್ಲ ಆಯ್ತು ಅಂತ..." ಯಶೋದಮ್ಮ ಮಹಡಿಯ ಮೆಟ್ಟಿಲ ಕಡೆ ನೋಡಿದರು. "ಆ ಎಣ್ಣಿಗ್ ಯಾರೂ ಫೋನ್ ಮಾಡ್ತಿರ್ನಿಲ್ಲ ಮೇಡಂ. ಕರೆಂಟ್ ಬಿಲ್ಲಿನ್ ಮೆಸೇಜ್ ಬಂದ್ರೂ ಕೈ ಒರುಸ್ಕೊಂಡು ಓಡೋಗಿ ನೋಡೋಳು. ಆವತ್ತು ಅವ್ಳ್ ಕೇಳಿದ್ ಫೋಟೋನೂ ನಾನು ಕಳುಸ್ನಿಲ್ಲ. ಆಮೇಕ್ ಕಳ್ಸಣ ಅನ್ಕೊಂಡು ಮರ್ತೇಬುಟ್ಟೆ."

ವೇದವತಿ ಕೈ ಚಾಚಿದರು. "ಫೋನು ಕೊಡಿ. ಗ್ರೂಪು ತೆಗೆದು ಕೊಡಿ."

ಗ್ರೂಪಿನ ಹೆಸರು 'ನಮ್ಮ ಮನೆಯೋರು'. ಅರವತ್ತೆರಡು ಜನ. ಯಶೋದಮ್ಮ ಹೆಬ್ಬೆರಳಿನಿಂದ ಪರದೆಯನ್ನು ತಳ್ಳುತ್ತ ಹಿಂದೆ ಹಿಂದೆ ಹೋದರು. ಲಗ್ನಪತ್ರಿಕೆ, ಹಾಲಿನ ದರ, ದೇವರ ಪಟ, ಯಾರದೋ ಹೊಸ ಬೈಕು. ಆಮೇಲೆ ಅದು ಬಂತು.

ಸ್ಕ್ರೀನ್‌ಶಾಟಿನ ಕೆಳಗೆ ಮಾತುಗಳು ಒಂದರ ಹಿಂದೊಂದು ಬಿದ್ದಿದ್ದವು. ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಇನ್ನೊಬ್ಬರು 'ಪಾಪ' ಎಂದಿದ್ದರು. ಮತ್ತೊಬ್ಬರು, ಗಂಡನ್ನ ಬಿಟ್ಟು ಬಂದಿರೋರನ್ನೆಲ್ಲ ಯಾಕೆ ಇಟ್ಕೋತೀರಿ, ನಾಳೆ ಪೊಲೀಸು ಕೋರ್ಟು ಅಂತ ನೀವೇ ಅಲೀಬೇಕು, ಎಂದು ಬುದ್ಧಿ ಹೇಳಿದ್ದರು. ನಡುವೆ ಯಾರೋ ಏನನ್ನೂ ಓದದೆ ಶುಭಸಂಜೆಯ ಹೂಕುಂಡ ಇಟ್ಟು ಹೋಗಿದ್ದರು.

ಅದರ ಕೆಳಗೆ ವೀಣ ಎಂಬ ಹೆಸರಿನಿಂದ ಒಂದು ಉತ್ತರ.

"ಪಾಪುನ ಎತ್ಕೊಂಡಿದ್ದ ಹುಡುಗಿನಾ ಅತ್ತೆ? ಇವಳು ನಂಗೆ ಗೊತ್ತು. ನಾನು ಮೊದಲು ಕೆಲಸದಲ್ಲಿದ್ದ ಊರಿನವಳು. ಶಿವನಸಮುದ್ರದ ಹತ್ರ, ಮರಿಸಿದ್ದಯ್ಯನ ಮನೆ ಸೊಸೆ."

ಮುಗಿಯಿತು. ಗಂಡನ ಮನೆ, ಊರು, ಮಾವನ ಹೆಸರು. ಪೊಲೀಸರಿಗೆ ಒಂಬತ್ತು ದಿನ ಸಿಗದಿದ್ದದ್ದು ಅರವತ್ತೆರಡು ಜನರ ಅಂಗೈಯಲ್ಲಿ ಹನ್ನೆರಡು ದಿನದಿಂದ ಇತ್ತು. ಅದರಲ್ಲಿ ಯಾರಾದರೂ ಒಬ್ಬರು ಇದನ್ನು ಇನ್ನೊಂದು ಗ್ರೂಪಿಗೆ ದಾಟಿಸಿದ್ದರೆ, ಅಲ್ಲಿಂದ ಇನ್ನೊಬ್ಬರು ಮತ್ತೊಂದಕ್ಕೆ...

"ವೀಣ ಯಾರು?"

"ನಮ್ ದೊಡ್ಡಣ್ಣನ್ ಸೊಸೆ. ನರ್ಸು. ಈಗ ಮದ್ದೂರಲ್ಲವ್ಳೆ."

ವೀಣ ಫೋನು ಎತ್ತಿದಳು. ಹಿಂದೆ ಮಕ್ಕಳ ಅಳು, ಯಾರನ್ನೋ ಸಾಲಾಗಿ ನಿಲ್ಲಿಸುವ ಗದ್ದಲ. ಲಸಿಕೆ ಹಾಕುವ ದಿನವಿರಬೇಕು. ಅವಳಿಗೆ ಏನೂ ಗೊತ್ತಿರಲಿಲ್ಲ. ಆ ಊರು ಬಿಟ್ಟು ನಾಲ್ಕು ವರ್ಷವಾಗಿತ್ತು, ಆಗಿನ್ನೂ ದೀಪಿಕ ಗಂಡನ ಮನೆಯಲ್ಲೇ ಇದ್ದಳು. "ಅವಳು ಕಾಣ್ತಿಲ್ವಾ ಮೇಡಂ? ನಾನು ಸುಮ್ನೆ, ಗೊತ್ತಲ್ಲ ಅಂತ ಬರೆದೆ," ಎಂದಳು. ಮತ್ತೆ ಅದನ್ನೇ ಹೇಳಿದಳು. ಅವಳ ಹಳೆಯ ರಿಜಿಸ್ಟರಿನಲ್ಲಿ ಮನೆಮನೆಯ ನಂಬರಿತ್ತು. ಹತ್ತು ನಿಮಿಷದಲ್ಲಿ ಒಂದು ನಂಬರು ಬಂತು. ಮರಿಸಿದ್ದಯ್ಯನ ಹೆಂಡತಿ ಚಿಕ್ಕಬೋರಮ್ಮನದು.

ವೇದವತಿ ತಮ್ಮ ಫೋನಿನಿಂದಲೇ ಕರೆ ಮಾಡಿದರು. ಕರೆ ಹೋಗುತ್ತಿರುವಾಗ ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತರು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ ಹಾಗೆ.

"ಯಾರವ್ವ?"

ಮುದುಕಿಯ ಧ್ವನಿ. ಹಿಂದೆ ಒಂದು ಕೋಳಿ, ದೂರದಲ್ಲಿ ಪಂಪ್‌ಸೆಟ್ಟಿನ ಸದ್ದು. ಬೇರೆ ಯಾರ ಉಸಿರೂ ಇಲ್ಲ.

"ನಾನು ಮಂಡ್ಯದಿಂದ ಮಾತಾಡ್ತಿದೀನಮ್ಮ. ನಿಮ್ಮ ಸೊಸೆ ದೀಪಿಕ ನನಗೆ ಗೊತ್ತು."

ಲೈನು ತುಂಡಾಗಿಲ್ಲ ಎಂಬುದು ವೇದವತಿಗೆ ಪಂಪ್‌ಸೆಟ್ಟಿನಿಂದ ತಿಳಿಯುತ್ತಿತ್ತು.

"ಚೆನ್ನಾಗವ್ಳಾ?" ಎಂದಿತು ಧ್ವನಿ.

ಆ ಪ್ರಶ್ನೆಗೆ ವೇದವತಿ ಸಿದ್ಧರಾಗಿರಲಿಲ್ಲ. "ನಿಮ್ಮ ಮಗ ಇದ್ದಾರಾ? ಅವರ ಹತ್ತಿರ ಒಂದು ಮಾತು ಕೇಳಬೇಕಿತ್ತು," ಎಂದರು.

"ಸಸಿಧರ್ನಾ? ಅವ್ನೆಲ್ಲವ್ವ ಅವ್ನೆ. ಸತ್ತು ವರ್ಸದ್ ಮ್ಯಾಕೆ ಆರ್ ತಿಂಗ್ಳಾಯ್ತು."

ವೇದವತಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಕುಡ್ದೂ ಕುಡ್ದೂ ಕಾಮಾಲೆ ಆಯ್ತು. ಮೈಸೂರ್ ಆಸ್ಪತ್ರೇಲೇ ಓದ. ಅವ್ಳ್ಗೊಂದ್ ಮಾತು ಮುಟ್ಸಣ ಅಂತ ನಾನು ಎಷ್ಟ್ ಜನ್ವ ಕೇಳ್ದೆ ಗೊತ್ತಾ. ಅವ್ಳ್ ನಂಬ್ರೇ ಇಲ್ಲ ಅಂತಿತ್ತು ಫೋನಲ್ಲಿ. ಅವ್ಳ್ ಎಲ್ಲವ್ಳೆ ಅಂತ ಒಬ್ರೂ ಯೋಳ್ನಿಲ್ಲ. ಎಂಗ್ ಯೋಳ್ತಾರೆ, ಅವ್ನ್ ಒಡಿಯೋ ಏಟ್ಗೆ ಎದ್ರಿ, ಯಾವೂರ್ನಲ್ಲೂ ಗುರ್ತು ಬುಡ್ದಂಗ್ ಓಗವ್ವ ಅಂತ ಬಸ್ ಅತ್ಸಿ ಕಳ್ಸ್ದೋಳು ನಾನೇಯ."

ಜಗಲಿಯಲ್ಲಿ ಬಿಸಿಲು ವೇದವತಿಯ ಕಾಲಿನವರೆಗೆ ಬಂದಿತ್ತು. ಅವರು ಕಾಲು ಎಳೆದುಕೊಳ್ಳಲಿಲ್ಲ.

ಒಂದೂವರೆ ವರ್ಷ. ಮಹಡಿಯ ಆ ಒಂದು ಕೋಣೆಯಲ್ಲಿ, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು, ಕಿಟಕಿಗೆ ಹಳೆಯ ಸೀರೆ ಕಟ್ಟಿ, ಯಾವ ಗ್ರೂಪಿಗೂ ಸೇರದೆ, ಯಾವ ಫೋಟೋದಲ್ಲೂ ನಿಲ್ಲದೆ, ಆ ಹುಡುಗಿ ಇಲ್ಲದ ಮನುಷ್ಯನಿಗೆ ಹೆದರಿಕೊಂಡು ಬದುಕಿದ್ದಳು. ಹೇಳಬೇಕಾದವರಿಗೆ ಅವಳು ಸಿಗಲಿಲ್ಲ. ಸಿಗದಿರಲೆಂದೇ ಅಲ್ಲವೇ ಅವಳು ಎಲ್ಲವನ್ನೂ ಬಿಟ್ಟುಬಂದದ್ದು.

ಹಾಗಾದರೆ ಅವಳ ಬಾಗಿಲ ಸಂದಿಯಲ್ಲಿ ಕಾಗದ ತಳ್ಳಿದವರು ಯಾರು? ಅವಳನ್ನು ಕರೆದುಕೊಂಡು ಹೋದವರು ಯಾರು?

"ಚಿಕ್ಕಬೋರಮ್ಮ, ಇತ್ತೀಚೆಗೆ ಯಾರಾದರೂ ನಿಮ್ಮನೆಗೆ ಬಂದು ದೀಪಿಕಳ ವಿಷಯ ಕೇಳಿದ್ರಾ?"

"ಅವ್ಳ್ ಇಸ್ಯ ಯಾರೂ ಕೇಳ್ನಿಲ್ಲ. ಸಸಿಧರ್ನ್ ಇಸ್ಯಕ್ಕೆ ಒಬ್ಬ ಬಂದಿದ್ದ. ಅದೇ, ಓದ್ ವಾರುದ್ ಇಂದುಗಡೆ ಸನಿವಾರ. ಸರ್ಕಾರದಿಂದ ಸೊಸೇಗೆ ಏನೋ ಬತ್ತದಂತೆ, ಸತ್ತೋರ್ ಕಾರ್ಡು ಬೇಕು ಅಂದ. ಮರ್ವಾದಸ್ತ ಕಣವ್ವ, ಅವ್ವ ಅವ್ವ ಅಂತ ನೆಲುದ್ ಮ್ಯಾಲೇ ಕೂತ್ಕಂಡ, ಮಜ್ಜಿಗೆ ಕುಡ್ದ. ಅವ್ನ್ ಆಧಾರ್ ಕಾರ್ಡು, ಲಗ್ನದ್ ಫೋಟೋ ತಕಂಡೋದ. ಕೊಟ್ಬುಡ್ತೀನಿ ಅಂದೋನು ಇನ್ನೂ ಬಂದಿಲ್ಲ."

ಶನಿವಾರ. ಸ್ಕ್ರೀನ್‌ಶಾಟ್ ಗ್ರೂಪಿಗೆ ಬಿದ್ದದ್ದು ಶುಕ್ರವಾರ ಮಧ್ಯಾಹ್ನ. ದೀಪಿಕ ಕಾಣೆಯಾದದ್ದು ಸೋಮವಾರ.

"ನೋಡಿದರೆ ಗುರುತು ಹಿಡೀತೀರಾ?"

"ನಂಗ್ ಕಣ್ಣು ಮಬ್ಬು ಕಣವ್ವ. ಆಪ್ರೇಸನ್ ಆಗ್ಬೇಕು. ಅವ್ಳು ಸಿಕ್ರೆ ಯೋಳವ್ವ. ಅವ್ನಿಲ್ಲ, ಎದುರ್ಕಬ್ಯಾಡ ಅಂತ. ನಾನ್ ಒಬ್ಳೇ ಇವ್ನಿ, ಬರಂಗಿದ್ರೆ ಬಾ ಅಂತ."

ಕರೆ ಮುಗಿದ ಮೇಲೂ ವೇದವತಿ ಫೋನನ್ನು ಕಿವಿಯಿಂದ ಇಳಿಸಿರಲಿಲ್ಲ. ಯಶೋದಮ್ಮ ಅವರ ಮುಖವನ್ನೇ ನೋಡುತ್ತಿದ್ದರು. "ಏನಂತೆ ಮೇಡಂ?" ಎಂದು ಕೇಳಿದರು.

ಜಗಲಿಯ ಮೇಲೆ ಯಶೋದಮ್ಮನ ಫೋನು, ಅದರೊಳಗೆ ಅರವತ್ತೆರಡು ಜನ. ಆ ಗ್ರೂಪಿನಿಂದ ಹೊರಟ ಮಾತನ್ನು ಹಿಡಿದುಕೊಂಡು ಯಾರೋ ಮರುದಿನವೇ ಆ ಮುದುಕಿಯ ಮನೆ ಬಾಗಿಲಿಗೆ ಹೋಗಿದ್ದರು. ಅವರೂ ಈ ಅರವತ್ತೆರಡರಲ್ಲಿ ಒಬ್ಬರೋ ಅಲ್ಲವೋ ತಿಳಿಯದು.

"ಆಮೇಲೆ ಹೇಳ್ತೀನಿ," ಎಂದರು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಪುನೀತ್.

"ಮೇಡಂ, ನಿಮ್ಗೇ ಮೊದ್ಲು ಹೇಳೋಣ ಅಂತ ಮಾಡ್ದೆ," ಸಬ್ ಇನ್‌ಸ್ಪೆಕ್ಟರನ ಧ್ವನಿಯಲ್ಲಿ ಹೊರೆ ಇಳಿಸಿದವನ ಖುಷಿಯಿತ್ತು. "ನಿಮ್ ಹುಡುಗಿ ಸಿಕ್ಕಿದ್ಲು ಅಂತಾನೇ ಇಟ್ಕೊಳ್ಳಿ. ಗಂಡನ ಜೊತೇಲೇ ಇದಾಳಂತೆ. ಗಂಡ ಹೆಂಡ್ತಿ ರಾಜಿ ಆಗ್ಬಿಟ್ಟವ್ರೆ. ನಾವ್ ಹುಡುಕ್ತಿದೀವಿ ಅಂತ ಗೊತ್ತಾಗಿ ಗಂಡನೇ ಸ್ಟೇಷನ್ನಿಗ್ ಬಂದವ್ರೆ. ಕಂಪ್ಲೇಂಟ್ ಕೊಟ್ಟೋರು ನೀವು, ನೀವೊಂದ್ ಮಾತು ಹೂಂ ಅಂದ್ರೆ ಕ್ಲೋಸ್ ಮಾಡ್ಬಿಡ್ತೀನಿ."

"ಯಾರು ಬಂದಿದಾರೆ?" ಎಂದರು ವೇದವತಿ. ತಮ್ಮ ಧ್ವನಿ ಎಂದಿನಂತೆಯೇ ಇದೆಯೇ ಎಂದು ಅವರೇ ಕಿವಿಗೊಟ್ಟು ಕೇಳಿಕೊಂಡರು.

"ಅವ್ಳ್ ಗಂಡ ಮೇಡಂ, ಶಶಿಧರ್ ಅಂತ. ಆಧಾರ್ ಕಾರ್ಡ್ ನೋಡ್ದೆ, ಮದುವೆ ಫೋಟೋನೂ ತಂದವ್ರೆ. ಫೋಟೋ ಹಳೇವು, ಮುಖ ಒಂಚೂರು ಬೇರೆ ಥರ ಕಾಣುತ್ತೆ ಅಷ್ಟೇ, ಮಿಕ್ಕಿದ್ದೆಲ್ಲಾ ಕರೆಕ್ಟಾಗೈತೆ."

ವೇದವತಿ ಆಲಿಸಿದರು. ಆ ಕಡೆಯ ಶಬ್ದ ದೊಡ್ಡ ಕೋಣೆಯದು. ಫ್ಯಾನಿನ ಕರಕರ, ಕುರ್ಚಿ ಎಳೆದ ಸದ್ದು. ಪುನೀತನ ಮಾತು ಗೋಡೆಗೆ ತಾಗಿ ಮರಳಿ ಬರುತ್ತಿತ್ತು. ಕಿವಿಗೆ ಹಿಡಿದ ಫೋನಿನಿಂದ ಮಾತು ಹಾಗೆ ಬರುವುದಿಲ್ಲ.

"ಪುನೀತ್, ಫೋನು ಸ್ಪೀಕರಿಗೆ ಹಾಕಿದೀರಾ?"

"ಹೂಂ ಮೇಡಂ, ಟೇಬಲ್ ಮೇಲಿಟ್ಟಿದೀನಿ. ಅವ್ರ್ ಎದ್ರುಗೇ ಮಾತಾಡಿದ್ರೆ ಒಳ್ಳೇದಲ್ವಾ ಅಂತ."

ಕುರ್ಚಿ ಮತ್ತೊಮ್ಮೆ ಸರಿಯಿತು. ಯಾರೋ ಮೇಜಿನ ಕಡೆ ಬಾಗಿದರು. ಗಂಟಲು ಸರಿಮಾಡಿಕೊಂಡ ಆ ಧ್ವನಿ ಮೃದುವಾಗಿತ್ತು, ಹಿರಿಯರೊಡನೆ ಮಾತಾಡಿ ಅಭ್ಯಾಸವಿದ್ದವರದು.

"ನಮಸ್ಕಾರ ಮೇಡಂ. ನಾನು ಶಶಿಧರ್. ದೀಪಿಕ ನಿಮ್ಮ ವಿಷಯ ತುಂಬಾ ಹೇಳ್ತಿರ್ತಾಳೆ. ಈಗ್ಲೂ ಹೇಳಿ ಕಳಿಸಿದಾಳೆ, ಮೇಡಂನ ಒಂದ್ಸಲ ನೋಡ್ಬೇಕು, ಮನೆಗೆ ಕರ್ಕೊಂಡು ಬನ್ನಿ ಅಂತ. ನೀವು ಯಲಿಯೂರಲ್ಲೇ ಇದೀರಂತಲ್ಲ, ಅಲ್ಲೇ ಇರಿ. ಕಾರು ತಂದಿದೀನಿ."